ಸೇತುವೆಯ ಮೇಲಿನ ಮೂರನೆಯವನು

ಹೇಳದೆ ಇರಬಹುದಿತ್ತಲ್ಲ. ನೋಡಿದೆ, ನಕ್ಕೆ, ಅಲ್ಲಿಗೆ ಮುಗಿಯಿತು ಎಂದು ಸುಮ್ಮನಿರಬಹುದಿತ್ತು. ಅಥವಾ ಎರಡನೆಯ ಸಲ ನೋಡಿ ಆಮೇಲೆ ಹೇಳಬಹುದಿತ್ತು. ಮುದ್ರಣಾಲಯದಲ್ಲಿ ಎರಡು ಸಲ ಓದದೆ ಯಾವ ಕರಡು ಪುಟದ ಕೆಳಗೂ ಸಹಿ ಹಾಕದ ತಾನು ಇದೊಂದನ್ನು ಮಾತ್ರ ಒಂದೇ ಸಲ ನೋಡಿ, ಕೈಯಲ್ಲಿ ರಿಮೋಟ್ ಇರುವಾಗಲೇ ಭಾವನಿಗೆ ಫೋನ್ ಮಾಡಿದ್ದೇಕೆ? ಹಜಾರದ ಬಾಗಿಲಲ್ಲಿ, ಎರಡೂ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು, ಅವನು ನಿಂತೇ ಇದ್ದ. "ಅಲ್ಲೇ ಬೇರು ಬಿಟ್ಯೇನೋ? ದಾರಿ ಬಿಡು," ಎಂದು ಅಕ್ಕ ಟೀ ತಟ್ಟೆ ಹಿಡಿದುಕೊಂಡು ಅವನನ್ನು ಮೊಣಕೈಯಿಂದ ಸರಿಸಿ ಒಳಗೆ ಹೋದಳು. ಒಳಗೆ ಭಾವ ಮಂಡಿಯೂರಿ ಟಿವಿಯ ಹಿಂದೆ ತಲೆ ತೂರಿಸಿ ತಂತಿ ಸಿಕ್ಕಿಸುತ್ತಿದ್ದ. ಅಕ್ಕನ ಮಗಳು ಡಿಸ್ಕಿನ ಡಬ್ಬಿಯ ಮೇಲಿನ ಚಿತ್ರವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುವಿನ ಕುರ್ಚಿಯಲ್ಲಿ, ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳಲು ಬಂದವನ ಹಾಗೆ ಕೂತಿದ್ದ. ಭಾನುವಾರ ಮನೆಯಲ್ಲಿ ಬರೀ ಬನಿಯನ್ನಿನಲ್ಲಿರುವ ಮನುಷ್ಯ ಇವತ್ತು ಕಾಲರಿನ ಗುಂಡಿಯನ್ನೂ ಹಾಕಿಕೊಂಡಿದ್ದ.

ಡಿಸ್ಕ್ ತಂದವನು ಭಾವ. ಹಳೆಯ ಸಿನಿಮಾಗಳನ್ನೆಲ್ಲ ತೊಳೆದು ಒರೆಸಿ ಹೊಸದು ಮಾಡಿ ಮಾರುತ್ತಿದ್ದಾರೆ, ಮಾವನ ಸಿನಿಮಾನೂ ಬಂದಿದೆ ಎಂದು ಹೋದ ವಾರವೇ ಕೊಟ್ಟು, "ನಮ್ಮ ಪ್ರೂಫು ಒಂದ್ಸಲ ಓಡಿಸಿ ನೋಡಿಟ್ಟಿರ್ಲಿ, ಆಮೇಲೆ ಎಲ್ಲಾರೂ ಕೂತಾಗ ಕೈ ಕೊಡೋದು ಬೇಡ," ಎಂದಿದ್ದ. ಪ್ರೂಫು ಎಂದರೆ ಮುದ್ರಣಾಲಯದಲ್ಲಿ ಕರಡು ತಿದ್ದುವ ಇವನೇ. ಶುಕ್ರವಾರ ಅಮ್ಮ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ ಮಧ್ಯಾಹ್ನ ಅವನು ಅರ್ಧ ದಿನ ರಜೆ ಹಾಕಿ ಕೂತು ನೋಡಿದ. ಸಿನಿಮಾ ನೋಡಿದ ಎನ್ನುವುದಕ್ಕಿಂತ ತಪ್ಪು ಹುಡುಕಿದ ಎನ್ನಬೇಕು. ಬೇರೆ ರೀತಿಯಲ್ಲಿ ನೋಡುವುದು ಅವನ ಕಣ್ಣಿಗೆ ಮರೆತೇಹೋಗಿತ್ತು. ಯುದ್ಧ ಮುಗಿದ ಮೇಲೆ ನಾಯಕಿ ಹೆಣಗಳ ನಡುವೆ ನಾಯಕನನ್ನು ಹುಡುಕಿಕೊಂಡು ಬರುತ್ತಾಳೆ, ಅವನು ಎದ್ದು ಕೂರುತ್ತಾನೆ, ಅವಳು ಅವನ ತಲೆಯನ್ನು ಎದೆಗೊತ್ತಿಕೊಳ್ಳುತ್ತಾಳೆ. ಜನರೆಲ್ಲ ಅವರಿಬ್ಬರನ್ನು ನೋಡಿ ಕಣ್ಣೊರೆಸಿಕೊಳ್ಳುವ ಹೊತ್ತಿನಲ್ಲಿ ಇವನ ಕಣ್ಣು ಎಡಗಡೆಯ ಕೆಳಮೂಲೆಗೆ ಹೋಯಿತು. ಅಲ್ಲಿ ಅಂಗಾತ ಬಿದ್ದಿದ್ದ ಒಂದು ಹೆಣದ ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ಅವನು ಒಬ್ಬನೇ ಗಟ್ಟಿಯಾಗಿ ನಕ್ಕ. ಖಾಲಿ ಮನೆಯಲ್ಲಿ ತನ್ನ ನಗು ತನಗೇ ಕೇಳಿಸಿ, ಯಾರಿಗಾದರೂ ಹೇಳಬೇಕೆನಿಸಿ, ಭಾವನಿಗೆ ಫೋನ್ ಮಾಡಿದ. "ಎಡಗಡೆ ಮೂಲೆ ನೋಡಿ ಭಾವ, ಹೆಣ ಉಸಿರಾಡುತ್ತೆ." ತನ್ನ ಟೈಲ್ಸ್ ಅಂಗಡಿಯಲ್ಲಿ ಕೂತಿದ್ದ ಭಾವನ ನಗು ಗೋಡೆಗೆ ಬಡಿದು ಎರಡಾಗಿ ಕೇಳಿಸಿತು. "ಯಾರಿಗೂ ಹೇಳ್ಬೇಡ. ಭಾನುವಾರ ಎಲ್ಲಾರ ಮುಂದೆ ನಿಲ್ಸಿ ತೋರ್ಸೋಣ." ಫೋನ್ ಇಟ್ಟ ಮೇಲೆ, ಇನ್ನೊಮ್ಮೆ ನಗುವ ಆಸೆಗೆ, ಅವನು ಚಿತ್ರವನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿ, ಟಿವಿಯ ಹತ್ತಿರ ಹೋಗಿ ಬಗ್ಗಿದ. ಕೆಸರು ಮೆತ್ತಿದ ಮುಖ, ಮೇಲೆತ್ತಿದ ಗದ್ದ. ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ಗದ್ದ ಎತ್ತಿದರೆ ಕನ್ನಡಿಯಲ್ಲಿ ಕಾಣುವ ತನ್ನದೇ ಮುಖ. ಎಡಹುಬ್ಬು ನಡುವೆ ಕಡಿದುಹೋಗಿತ್ತು. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ಅಪ್ಪನ ಹುಬ್ಬು ಹಾಗೆ ಕಡಿದದ್ದು. ಈಗ ಅದು ಬಿಳಿಯಾಗಿ, ದಪ್ಪ ಕನ್ನಡಕದ ಹಿಂದೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

"ಸೌಂಡ್ ಬಂತು," ಎಂದು ಭಾವ ಟಿವಿಯ ಹಿಂದಿನಿಂದ ತಲೆ ಹೊರತೆಗೆದ. "ಕ್ಯಾಪ್ಟನ್ ಅವರೇ, ಸಿದ್ಧಾನಾ?"

"ನಾನು ಯಾವತ್ತೋ ಸಿದ್ಧ," ಎಂದ ಅಪ್ಪ. "ನೀವು ತಂತಿ ಸಿಗ್ಸೋ ಹೊತ್ತಿಗೆ ಒಂದು ಯುದ್ಧ ಮುಗ್ದುಹೋಗ್ತಿತ್ತು."

ಅಪ್ಪನನ್ನು ಬೀದಿಯವರೆಲ್ಲ ಕ್ಯಾಪ್ಟನ್ ಎನ್ನುತ್ತಿದ್ದರು. ಬಸ್ ಡಿಪೋದ ಟೈರ್ ವಿಭಾಗದಲ್ಲಿ ನಿವೃತ್ತಿಯಾಗುವ ದಿನ ಹೊದಿಸಿದ ಶಾಲಿನ ಜೊತೆ ಕೊಟ್ಟ ಫಲಕದ ಮೇಲೂ ಹೆಸರಿನ ಪಕ್ಕ ಆ ಪದವಿತ್ತು. ಮದುವೆಗೆ ಮುಂಚೆ, ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ, ಊರಾಚೆಯ ಬಯಲಿನಲ್ಲಿ ಆ ಸಿನಿಮಾದ ಯುದ್ಧ ತೆಗೆದಾಗ ಅಪ್ಪ ಗುಂಪಿನಲ್ಲಿ ಒಬ್ಬನಾಗಿದ್ದ. ಸೇತುವೆ ದಾಟುವ ಸೈನಿಕರ ಸಾಲಿನಲ್ಲಿ ಕೊನೆಯಿಂದ ಮೂರನೆಯವನು. ನಾಯಕಿ ಪಕ್ಕದಲ್ಲಿ ಓಡಿಬರುವಾಗ ಉಳಿದವರೆಲ್ಲ ನೇರ ನಡೆದರೆ ಅವನೊಬ್ಬ ತಿರುಗಿ ಅವಳನ್ನು ನೋಡುತ್ತಾನೆ. "ತಿರುಗು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ನಾನೇ ತಿರುಗಿದೆ. ಡೈರೆಕ್ಟರು ಬೈತಾರೆ ಅಂದ್ಕೊಂಡ್ರೆ, ಇದನ್ನೇ ಇಟ್ಕೊಳ್ಳಿ ಅಂದ್ರು." ಈ ಮಾತನ್ನು ಮಗ ಎಷ್ಟು ಸಲ ಕೇಳಿದ್ದನೋ. ಮನೆಯಲ್ಲಿ ಕ್ಯಾಸೆಟ್ ಇತ್ತು. ಸೇತುವೆ ಬಂದ ಕೂಡಲೇ ಅಪ್ಪ ಎದ್ದು ಹೋಗಿ ಗುಂಡಿ ಒತ್ತಿ ಚಿತ್ರ ನಿಲ್ಲಿಸುತ್ತಿದ್ದ. ನಿಂತ ಚಿತ್ರ ಗಡಗಡ ನಡುಗುತ್ತಿತ್ತು, ಅಡ್ಡಲಾಗಿ ಎರಡು ಬಿಳಿಯ ಗೀರು ಬಂದು ಸರಿಯಾಗಿ ಮೂರನೆಯವನ ಮುಖದ ಮೇಲೆ ನಿಲ್ಲುತ್ತಿತ್ತು. "ನೋಡ್ದ್ಯಾ, ನಾನೇ," ಎನ್ನುತ್ತಿದ್ದ ಅಪ್ಪ. ಗೀರುಗಳ ಹಿಂದೆ ಅವನು ಅಪ್ಪನನ್ನು ಕಾಣುತ್ತಿದ್ದ, ನಿಜವಾಗಿ ಕಾಣುತ್ತಿದ್ದ. ನಿಲ್ಲಿಸಿ ನಿಲ್ಲಿಸಿ ಕ್ಯಾಸೆಟ್ಟಿನ ಟೇಪು ಅದೇ ಜಾಗದಲ್ಲಿ ಸವೆದು, ಕೊನೆಕೊನೆಗೆ ಸೇತುವೆಯ ಮೇಲೆ ಬರೀ ಬಿಳಿ ಚುಕ್ಕಿಗಳ ಹಿಮ ಸುರಿಯುತ್ತಿತ್ತು. ಶಾಲೆಯಲ್ಲಿ ಪಕ್ಕದ ಬೆಂಚಿನವನು, ಹೆಲ್ಮೆಟ್ ಹಾಕ್ಕೊಂಡ್ರೆ ನಮ್ಮಪ್ಪನೂ ಹಂಗೇ ಕಾಣ್ತಾರೆ ಎಂದಿದ್ದಕ್ಕೆ ಅವನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದ.

ಸಿನಿಮಾ ಶುರುವಾಯಿತು. ತಂತಿ ಕಚೇರಿಯ ಹುಡುಗಿ, ದಂಡಿಗೆ ಹೊರಟ ಹುಡುಗ, ಇಬ್ಬರ ನಡುವೆ ಒಂದು ಕಿಟಕಿ. ಹೊಸ ಪ್ರತಿಯಲ್ಲಿ ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು ಕಾಣುತ್ತಿತ್ತು. ಹುಡುಗಿಯ ಕುತ್ತಿಗೆಯ ಪೌಡರು, ಹುಡುಗನ ತೋಳಿನ ಮೇಲೆ ಹೊಲಿಗೆ ಬಿಟ್ಟ ಪಟ್ಟಿ, ದೂರದ ಬೆಟ್ಟ ಬಟ್ಟೆಯ ಮೇಲೆ ಬರೆದದ್ದು ಎಂಬುದು. ಅವನಿಗೆ ಕೂರಲಾಗಲಿಲ್ಲ. ಶುಕ್ರವಾರ ಸೇತುವೆ ಬಂದಾಗ, ಅಲ್ಲಿ ನಿಲ್ಲಿಸುವುದು ಅಪ್ಪನ ಕೆಲಸವೆಂದು, ಅವನು ಮುಖ ನೋಡದೆ ಓಡಲು ಬಿಟ್ಟಿದ್ದ. ಡಿಸ್ಕನ್ನು ನಿನ್ನೆಯೇ ಕಳೆದುಬಿಡಬಹುದಿತ್ತು. ಎಲ್ಲೋ ಇಟ್ಟೆ, ಸಿಗ್ತಿಲ್ಲ ಎಂದರೆ ಮುಗಿಯುತ್ತಿತ್ತು. ಕಳೆಯಲೂ ಕೈ ಬರಲಿಲ್ಲ. ಯಾಕೆಂದರೆ, ಎಂದು ಅವನ ಮನಸ್ಸು ತಾನು ಕೇಳದಿದ್ದರೂ ಹೇಳಿತು, ನೋಡಲಿ ಎಂದು ನಿನಗೂ ಇತ್ತು. ಇಷ್ಟು ವರ್ಷ ಗೀರುಗಳ ಹಿಂದೆ ಅಪ್ಪ ನಿನ್ನಿಂದ ತನ್ನನ್ನು ಹುಡುಕಿಸಿದ್ದಕ್ಕೆ. ಅವನು ಬೆಚ್ಚಿ ಪಕ್ಕಕ್ಕೆ ನೋಡಿದ. ಅಪ್ಪ ಬಾಯಿ ತುಸು ತೆರೆದು, ಕನ್ನಡಕವನ್ನು ಮೂಗಿನ ಮೇಲೆ ಒತ್ತಿ ಹಿಡಿದುಕೊಂಡು, ಮಂಜಿನಲ್ಲಿ ಬಸ್ಸಿನ ಬೋರ್ಡು ಓದುವವನ ಹಾಗೆ ಮುಂದಕ್ಕೆ ಬಾಗಿದ್ದ.

"ಬಂತು ಬಂತು," ಎಂದಳು ಅಕ್ಕ. "ಸೇತುವೆ ಬಂತು ನೋಡೇ. ತಾತ ಬರ್ತಾರೆ ಈಗ."

ಬೂಟುಗಳ ಸದ್ದು. ನಾಯಕಿ ಓಡಿಬಂದಳು. ಕೊನೆಯಿಂದ ಮೂರನೆಯವನು ತಿರುಗಿದ. ಭಾವ ರಿಮೋಟನ್ನು ಕೋವಿಯಂತೆ ನೀಟಾಗಿ ಚಾಚಿ ಒತ್ತಿದ. ಚಿತ್ರ ನಿಂತಿತು, ನಡುಗಲಿಲ್ಲ, ಒಂದು ಗೀರೂ ಬರಲಿಲ್ಲ. ಹೆಲ್ಮೆಟ್ಟಿನ ಕೆಳಗೆ ಅಗಲ ಮುಖದ, ಚಪ್ಪಟೆ ಮೂಗಿನ, ಹೊರಗೆ ಚಾಚಿದ ಕಿವಿಯ, ಅವರು ಯಾರೂ ಎಂದೂ ಕಾಣದ ಒಬ್ಬ ಮನುಷ್ಯ ಹಜಾರದೊಳಗೆ ನೋಡುತ್ತಿದ್ದ.

ಮಗು ಮಾತ್ರ, "ತಾತ ಎಲ್ಲಿ?" ಎಂದಿತು.

"ಇವರೇ ತಾತ ಕಣಮ್ಮ," ಎಂದ ಭಾವ. "ಆಮೇಲೆ ಮೂಗು ಬೆಳೀತು, ಕಿವಿ ಒಣಗ್ತು. ಅಲ್ವಾ ಮಾವ?"

"ರೀ," ಎಂದಳು ಅಕ್ಕ.

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. "ಇದು ಬೇರೆ ಶಾಟು," ಎಂದ. "ನಾಕೈದು ಸಲ ತೆಗೆದಿದ್ರು. ಹಳೇ ಪ್ರಿಂಟಲ್ಲಿ ನಂದು ಇತ್ತು. ಇವರು ತೊಳೆಯೋವಾಗ ಬೇರೇದು ಸೇರ್ಸಿದಾರೆ." ಆಮೇಲೆ ಯಾರ ಕಡೆಗೂ ಅಲ್ಲದ ಹಾಗೆ, ಆದರೆ ಮಗನ ಕಡೆಗೇ, ಹೇಳಿದ: "ಹಂಗೆ ಮಾಡ್ತಾರಲ್ವಾ? ನೀನು ಓದಿರ್ತೀಯ."

ಎಲ್ಲರೂ ಅವನತ್ತ ತಿರುಗಿದರು. ಮಾಡ್ತಾರೆ ಎಂದರೆ ಸಾಕಿತ್ತು. ಒಂದು ಪದ. ತಪ್ಪಾದ ಪದವನ್ನು ಗೊತ್ತಿದ್ದೂ ಬಿಡುವ ಅಭ್ಯಾಸ ಅವನದಲ್ಲ. ಮುದ್ರಣಾಲಯದ ಮಾಲೀಕರ ಮಗಳ ಮದುವೆಯ ಪತ್ರಿಕೆಯಲ್ಲಿ ವರನ ಪದವಿ ತಪ್ಪಾಗಿದೆ ಎಂದು ತುಂಬಿದ ಸಭೆಯಲ್ಲಿ ಹೇಳಿ, ಆರು ತಿಂಗಳು ಅವರ ಮುಖ ನೋಡಲಾಗದೆ ಓಡಾಡಿದ್ದ. ಈಗ ಬಾಯಿ ತೆರೆದ. "ಟೀ ಆರಿಹೋಗ್ತಿದೆ, ಬಿಸಿ ಮಾಡ್ಕೊಂಡ್ ಬರ್ತೀನಿ," ಎಂದು ಎದ್ದ. ಎದ್ದು ಹೋಗುವಾಗ ಅಪ್ಪನ ಭುಜ ಅವನ ಕೈಗೆ ತಾಕಿತು. ತಾಕಿದ ಜಾಗದಲ್ಲಿ ಏನೋ ಹೇಳಬೇಕಾಗಿತ್ತು ಎಂಬಂತೆ ಅಂಗೈ ಬಹಳ ಹೊತ್ತು ಬೆಚ್ಚಗಿತ್ತು.

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತಿಕ್ಕುತ್ತಿದ್ದಳು. ಅವಳು ಈ ಸಿನಿಮಾ ಪೂರ್ತಿ ನೋಡಿದ್ದನ್ನು ಅವನು ಕಂಡಿರಲಿಲ್ಲ. "ಯಾಕೆ, ಅಷ್ಟು ಸುಮ್ನಾದ್ರಲ್ಲ ಎಲ್ಲಾರೂ?" ಎಂದು ತಿರುಗದೆಯೇ ಕೇಳಿದಳು.

"ಸೇತುವೆ ಮೇಲೆ ಇರೋನು ಅಪ್ಪ ಅಲ್ಲ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. "ಅದಕ್ಕೀಗ ಏನಂತೆ," ಎಂದಳು ಅಮ್ಮ. "ನಾನೇನು ಸೇತುವೆ ಮೇಲಿದ್ದೋನ್ನ ಮದುವೆಯಾಗ್ಲಿಲ್ಲ ಬಿಡು. ಆ ಬಿಸ್ಕತ್ತು ಡಬ್ಬ ಇಳಿಸ್ಕೊಡು, ನಂಗೆ ಎಟಕಲ್ಲ."

ಅವಳಿಗೆ ಗೊತ್ತಿತ್ತೇ? ಎಷ್ಟು ಗೊತ್ತಿತ್ತು? ಡಬ್ಬ ಇಳಿಸುವಾಗ ಅವನಿಗೆ ಅಪ್ಪನ ಕತೆಗಳು ಒಂದರ ಮೇಲೊಂದು ನೆನಪಾದವು. ಹೆಣ ಆಗೋರಿಗೆ ಬೇರೆ ಸಾಲು, ನಾವು ಸೈನಿಕರು ಅವರ ಜೊತೆ ಕೂತು ಊಟಾನೂ ಮಾಡ್ತಿರ್ಲಿಲ್ಲ ಎನ್ನುತ್ತಿದ್ದ ಅಪ್ಪ, ಹೆಣಗಳ ಬಗ್ಗೆಯೇ ಹೆಚ್ಚು ಹೇಳುತ್ತಿದ್ದ. ಮುಂಜಾನೆ ಕೆಸರಿನಲ್ಲಿ ಮಲಗಿಸಿದರೆ ಚಳಿ ಬೆನ್ನಿನಿಂದ ಹಲ್ಲಿಗೆ ಏರುತ್ತದೆ. ಡೈರೆಕ್ಟರು ಕೂಗಿದ ಕೂಡಲೇ ಉಸಿರು ಎಳೆದು ಹಿಡಿಯಬೇಕು, ಕಟ್ ಅನ್ನುವವರೆಗೆ ಬಿಡಬಾರದು. ಇರುವೆ ಕಿವಿಯೊಳಗೆ ಹೋದರೂ ಸತ್ತೇ ಇರಬೇಕು. ನಾಯಕ ಒಮ್ಮೆ ಒಂದು ಹೆಣದ ಬೆರಳು ತುಳಿದ, ಆ ಹೆಣ ಕಮಕ್ ಕಿಮಕ್ ಅನ್ನಲಿಲ್ಲ. ಸೇತುವೆಯ ಮೇಲೆ ನಡೆದವನಿಗೆ ಕೆಸರಿನ ಚಳಿ ಹೇಗೆ ಗೊತ್ತು ಎಂದು ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ. ಊರವರ ತಪ್ಪನ್ನೆಲ್ಲ ಹುಡುಕುವ ಕಣ್ಣು ಮನೆಯ ಕತೆಯನ್ನು ಮಾತ್ರ ಒಂದು ಸಲವೂ ತಿದ್ದಲು ಹೋಗಿರಲಿಲ್ಲ.

ಭಾವ ನೀರು ಕುಡಿಯಲು ಬಂದ. ಅವನು ಭಾವನ ತೋಳು ಹಿಡಿದು ಹಿತ್ತಿಲ ಬಾಗಿಲ ಹತ್ತಿರ ಎಳೆದ.

"ಭಾವ, ಆ ಹೆಣದ್ದು ಬಿಟ್ಬಿಡಿ."

"ಯಾಕೋ?"

"ಮಗು ಇದೆ. ಹೆಣ ಗಿಣ ಎಲ್ಲ ಯಾಕೆ."

"ಈಗ ತಾನೇ ಇನ್ನೂರು ಜನ ಸತ್ರು, ಅವಳು ಬಿಸ್ಕತ್ತು ತಿಂತಿದ್ಲು," ಎಂದು ಭಾವ ನಕ್ಕ. ಆಮೇಲೆ ದನಿ ತಗ್ಗಿಸಿದ. "ನೋಡು, ಮಾವನ ಮುಖ ಸಪ್ಪಗಾಗಿದೆ. ನಾನು ಒಂದು ಮಾತು ಜಾಸ್ತಿ ಆಡ್ದೆ, ನಿಮ್ಮಕ್ಕ ಆಗಲೇ ತಿವಿದ್ಲು. ಈಗ ಎಲ್ಲಾರೂ ಒಂದ್ಸಲ ನಕ್ಕುಬಿಟ್ರೆ ಸರಿಹೋಗುತ್ತೆ. ಅವರಿಗೇ ತೋರ್ಸಿ ನಗಿಸ್ತೀನಿ."

ಭಾವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅಡ್ಡ ನಿಲ್ಲುವುದು ಸುಲಭವಿತ್ತು. ಬಿಡಿ ಎನ್ನುವುದಕ್ಕೆ ಕಾರಣ ಬೇಕು, ಕಾರಣ ಹೇಳಿದರೆ ಅದೇ ಅಪ್ಪನನ್ನು ತೋರಿಸಿದ ಹಾಗೆ. "ಅಲ್ಲ ಭಾವ..." ಎಂದು ಅವನು ನಿಂತ. ಭಾವ ಅವನ ಬೆನ್ನು ತಟ್ಟಿ ಹೋದ. ನಡುಮನೆಯ ಗೋಡೆಯ ಮೇಲೆ ಮೀಟರಿನ ಪೆಟ್ಟಿಗೆ ಇತ್ತು. ಅದರ ಮುಚ್ಚಳ ತೆಗೆದು, ಮೇನ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವನು ನಿಂತ. ಒಳಗೆ ಫಿರಂಗಿಗಳು ಸಿಡಿಯುತ್ತಿದ್ದವು. ಎಳೆದರೆ ಟಿವಿ ಕತ್ತಲು, ಗದ್ದಲ, ಕರೆಂಟಿನವರಿಗೆ ಬೈಗುಳ, ನಾಳೆ ನೋಡೋಣ ಎನ್ನುವ ಮಾತು. "ಅಲ್ಲೇನು ಮಾಡ್ತಿದೀಯ ಮಾಮ?" ಎಂದು ಮಗು ಬಾಗಿಲಲ್ಲಿ ಬಂದು ಕೇಳಿತು. "ಏನಿಲ್ಲ, ಜಿರಲೆ," ಎಂದು ಮುಚ್ಚಳ ಹಾಕಿದ. ಮಗು ಕಿರುಚಿಕೊಂಡು ಒಳಗೆ ಓಡಿ, ಮಾಮ ಜಿರಲೆ ಹಿಡೀತಿದಾನೆ ಎಂದು ಸಾರಿತು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗುವಿನ ಹಿಂದೆಯೇ, ಬೇರೆ ದಾರಿ ಇಲ್ಲದೆ, ಅವನು ಹೋಗಿ ಕೂತ.

ಫಿರಂಗಿಗಳು ನಿಂತಿದ್ದವು. ಬಯಲಿನ ತುಂಬ ಹೆಣ. ನಾಯಕಿ ಸೆರಗಿಲ್ಲದ ಉದ್ದನೆಯ ಬಟ್ಟೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು ಒಂದೊಂದೇ ಮುಖವನ್ನು ನೋಡುತ್ತ ಬಂದಳು. ಅವನು ಹಲ್ಲು ಕಚ್ಚಿ ಮನಸ್ಸಿನಲ್ಲೇ ಮೂಲೆಯ ಹೆಣಕ್ಕೆ ಉಸಿರು ಹಿಡಿ, ಇನ್ನು ಸ್ವಲ್ಪ ಹೊತ್ತು ಹಿಡಿ ಎಂದ. ಹಾಗೆನ್ನುವಾಗ ತಾನೇ ಉಸಿರು ಹಿಡಿದಿರುವುದು ಅವನಿಗೆ ಗೊತ್ತಾಯಿತು. ನಾಯಕ ಎದ್ದು ಕೂತ. ಅವಳು ಅವನ ತಲೆಯನ್ನು ಎದೆಗೊತ್ತಿಕೊಂಡಳು. ಸಂಗೀತ ಏರಿತು. ಮೂಲೆಯ ಹೆಣದ ಹೊಟ್ಟೆ, ಪಾಪ, ಎದ್ದು, ಇಳಿದು, ಮತ್ತೆ ಎದ್ದಿತು.

"ಹಾ, ಇಲ್ಲಿ," ಎಂದು ಭಾವ ನಿಲ್ಲಿಸಿ, ಎದ್ದು ಹೋಗಿ ಟಿವಿಯ ಮೂಲೆಗೆ ಬೆರಳಿಟ್ಟ. "ಅವರಿಬ್ಬರನ್ನ ಬಿಡಿ, ಇವನ್ನ ನೋಡಿ. ಸತ್ತೋನು. ನೋಡ್ಕೊಂಡಿರಿ." ಹಿಂದಕ್ಕೆ ಓಡಿಸಿ ಬಿಟ್ಟ. ಹೊಟ್ಟೆ ಎದ್ದಿತು. ಮಗುವಿಗೆ ಮೊದಲು ಗೊತ್ತಾಯಿತು. "ಉಸಿರಾಡ್ತಿದಾನೆ! ಸತ್ತೋನು ಉಸಿರಾಡ್ತಿದಾನೆ ತಾತ!" ಎಂದು ಅದು ಕುರ್ಚಿಯಿಂದ ಜಾರಿ ನೆಲದ ಮೇಲೆ ಅಂಗಾತ ಬಿದ್ದು, ಗದ್ದ ಎತ್ತಿ, ಹೊಟ್ಟೆ ಉಬ್ಬಿಸಿ ಇಳಿಸಿತು. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. "ಇನ್ನೊಂದ್ಸಲ, ಇನ್ನೊಂದ್ಸಲ." ಭಾವ ಇನ್ನೊಂದು ಸಲ ಹಾಕಿದ. ಅಪ್ಪ ನೆಲದ ಮೇಲಿನ ಮಗುವನ್ನು ನೋಡಿದ, ಟಿವಿಯನ್ನು ನೋಡಿದ. ಆಮೇಲೆ ಅವನೂ ನಕ್ಕ. ಎಲ್ಲರಿಗಿಂತ ಗಟ್ಟಿಯಾಗಿ, ಕೆಮ್ಮು ಬರುವವರೆಗೆ, ಕಣ್ಣಿನಲ್ಲಿ ನೀರು ಬಂದು ಕನ್ನಡಕ ತೆಗೆಯುವವರೆಗೆ ನಕ್ಕ.

"ಪಾಪ, ಎಷ್ಟು ಹೊತ್ತು ಹಿಡೀತಾನೆ," ಎಂದ ಕೆಮ್ಮಿನ ನಡುವೆ. "ಇವರಿಬ್ಬರೂ ತಬ್ಕೊಂಡ್ರೆ ಬಿಡೋದೇ ಇಲ್ಲ."

"ಕಂಡುಹಿಡಿದಿದ್ದು ನಾನಲ್ಲ ಮಾವ," ಎಂದ ಭಾವ, ಹೊಗಳಿಕೆ ಹಂಚುವವನ ಉದಾರತೆಯಿಂದ. "ನಿಮ್ಮ ಮಗ. ಶುಕ್ರವಾರವೇ ನೋಡಿ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು."

ಅಪ್ಪ ಕನ್ನಡಕವಿಲ್ಲದ ಕಣ್ಣುಗಳನ್ನು ಅವನ ಕಡೆ ತಿರುಗಿಸಿದ. ಆ ಕಣ್ಣುಗಳಿಗೆ ತಾನು ಬರೀ ಒಂದು ಮಸುಕು ಎಂದು ಗೊತ್ತಿದ್ದರೂ ಅವನಿಗೆ ಮುಖವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಹೌದಾ," ಎಂದ ಅಪ್ಪ. "ಶುಕ್ರವಾರವೇ ನೋಡಿದ್ಯಾ?"

"ಪ್ಲೇಯರಲ್ಲಿ ಓಡುತ್ತಾ ಅಂತ ನೋಡ್ದೆ. ಅಷ್ಟೆ."

"ಒಳ್ಳೆ ಕಣ್ಣು ಕಣೋ ನಿಂದು," ಎಂದ ಅಪ್ಪ. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯಕ್ಕಾಗಿ ಅವನು ಆ ಮಾತನ್ನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ ಸಿಗಲಿಲ್ಲ.

ಸಂಜೆ ಅಕ್ಕನ ಮನೆಯವರು ಹೊರಟರು. ಬೀದಿಯಲ್ಲಿ ಸ್ಕೂಟರು ಶುರುವಾಗುವ ಸದ್ದು, ಅಮ್ಮ ಗೇಟಿನ ಹತ್ತಿರ ಇನ್ನೂ ಏನೋ ಹೇಳುತ್ತಿರುವ ಸದ್ದು. ಅವನು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಅಪ್ಪ ತನ್ನ ಕುರ್ಚಿಯಿಂದ ಎದ್ದಿರಲಿಲ್ಲ. ಕಾಲರಿನ ಗುಂಡಿ ಬಿಚ್ಚಿದ್ದ, ಅಷ್ಟೆ. ಆರಿದ ಟಿವಿಯ ಗಾಜಿನಲ್ಲಿ ಇಬ್ಬರೂ ಸಣ್ಣದಾಗಿ ಕಾಣುತ್ತಿದ್ದರು, ಒಬ್ಬ ಕೂತು, ಒಬ್ಬ ನಿಂತು.

"ಲೋ," ಎಂದ ಅಪ್ಪ. "ಆ ಹೆಣ ಇತ್ತಲ್ಲ."

"ಹೂಂ."

"ನಂಗೆ ಈ ಕಣ್ಣಲ್ಲಿ ಹೊಟ್ಟೆ ಅಲ್ಲಾಡೋದು ಕಾಣ್ತು. ಮುಖ ಎಲ್ಲ ಮಂಜು ಮಂಜು." ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡ. "ಹತ್ರ ಹೋಗಿ ನೋಡಿದ್ರೆ ಕಾಣುತ್ತಾ? ಯಾರು ಅಂತ ಗೊತ್ತಾಗೋ ಹಂಗೆ?"

ಅವನ ಕೈಯಲ್ಲಿದ್ದ ಕುರ್ಚಿ ಕೆಳಗಿನದರೊಳಗೆ ಅರ್ಧ ಇಳಿದು ನಿಂತಿತ್ತು. ಯಾವ ಉತ್ತರ ಬೇಕು ನಿನಗೆ ಎಂದು ಕೇಳುವ ಹಾಗಿರಲಿಲ್ಲ. ಕಾಣುವುದಿಲ್ಲ ಎಂದರೆ ಉಳಿಸಿದ ಹಾಗೆಯೇ? ಅಥವಾ ಇಡೀ ಸಿನಿಮಾದಲ್ಲಿ ಅಪ್ಪ ಇದ್ದ ಆ ಒಂದೇ ಜಾಗದಿಂದಲೂ ಅವನನ್ನು ಅಳಿಸಿದ ಹಾಗೆಯೇ? ಮಗ ಎಂದಾದರೂ ತನ್ನನ್ನು ಅಲ್ಲಿ ಕಂಡು, ಓ ಇದು ನೀನು ಎನ್ನಲಿ ಎಂದೇ ಈ ಮನುಷ್ಯ ಇಷ್ಟು ವರ್ಷ ಕಾದಿದ್ದನೇ, ಬೇರೆ ಜಾಗವನ್ನು ತೋರಿಸುತ್ತ, ಅಲ್ಲಿ ನಿಲ್ಲಿಸುತ್ತ, ಆಮೇಲೆ ಸಿನಿಮಾ ಮುಂದಕ್ಕೆ ಓಡಲು ಬಿಡುತ್ತ? ಗೇಟು ಹಾಕಿದ ಸದ್ದು ಕೇಳಿಸಿತು. ಅಮ್ಮ ಒಳಗೆ ಬರುತ್ತಿದ್ದಳು.

"ಇಲ್ಲಪ್ಪ," ಎಂದ ಅವನು. "ಕೆಸರು ಮೆತ್ಕೊಂಡಿದೆ. ಯಾರು ಅಂತ ಗೊತ್ತಾಗಲ್ಲ."

"ಹಂಗಾ," ಎಂದ ಅಪ್ಪ. ತಲೆ ಆಡಿಸಿದ. ನಿರಾಳವಾಯಿತೋ, ಇನ್ನೇನೋ ಆಯಿತೋ, ಮುಖದಲ್ಲಿ ಓದಲಾಗಲಿಲ್ಲ. ಕುರ್ಚಿಯ ತೋಳಿನ ಮೇಲೆ ಕೈಯೂರಿ ಎದ್ದು, ಇಸ್ತ್ರಿಯ ಅಂಗಿಯನ್ನು ಬಿಚ್ಚುತ್ತ ಒಳಕೋಣೆಗೆ ಹೋದ.

ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಅದು ಅಪ್ಪನ ಮುಖ ಎಂದು ಅವನಿಗೆ ಗೊತ್ತಿತ್ತು. ಅದನ್ನು ಅವನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.